ಮೂರು ದನಿಯ ಅರಸ

ಬಹಳ ಹಿಂದೆ, ಏಳು ಬೆಟ್ಟಗಳಾಚೆ ನೀಲವಾಹಿನಿ ಎಂಬ ರಾಜ್ಯವಿತ್ತು. ಅಲ್ಲಿ ಊರೂರಿನ ಜನ ಆರಿಸಿ ಕಳಿಸಿದವರ ಸಭೆ ಕಾನೂನು ಮಾಡುತ್ತಿತ್ತು. ಅರಸ ಅದನ್ನು ಜಾರಿಗೆ ತರುತ್ತಿದ್ದ. ಸರಿ ತಪ್ಪುಗಳನ್ನು ನ್ಯಾಯಪೀಠದ ಚೆಲುವಾಂಬೆ ಹೇಳುತ್ತಿದ್ದಳು. ಅರಸನೇ ತಪ್ಪಿದರೂ ಆಕೆ ಬಿಡುತ್ತಿರಲಿಲ್ಲ.

ಎಳೆಯ ಅರಸ ಮಕರಧ್ವಜನಿಗೆ ಇದು ಹಿಡಿಸಲಿಲ್ಲ. ಕೆರೆ ಕಟ್ಟಬೇಕೆಂದರೂ ಸಭೆಯನ್ನು ಕೇಳಬೇಕು, ಕಟ್ಟಿದ ಮೇಲೆ ದೂರು ಬಂದರೆ ಚೆಲುವಾಂಬೆಯ ಮುಂದೆ ನಿಲ್ಲಬೇಕು. ಅವನ ಬೇಸರವನ್ನು ಅರಿತು ಧೂಮಾಕ್ಷನೆಂಬ ಮಾಂತ್ರಿಕ ಬಂದ. ಸಭೆಯ ದನಿಯನ್ನೂ ಚೆಲುವಾಂಬೆಯ ದನಿಯನ್ನೂ ನಿನ್ನ ಗಂಟಲಿಗೆ ಸೇರಿಸುತ್ತೇನೆ, ಬದಲಿಗೆ ಉತ್ತರದ ಕಾಡು ನನಗಿರಲಿ ಎಂದ. ಅರಸ ಒಪ್ಪಿದ. ಆ ಕ್ಷಣವೇ ಸಭೆ ಮೂಕವಾಯಿತು. ಚೆಲುವಾಂಬೆ ಬಾಯಿ ತೆರೆದರೆ ಬರೀ ಉಸಿರು ಬಂತು.

ಅರಸ ತಾನೇ ಕಾನೂನು ಮಾಡಿದ, ತಾನೇ ನಡೆಸಿದ, ತಾನೇ ತೀರ್ಪು ಕೊಟ್ಟ. ಮೊದಮೊದಲು ಹಿತವೆನಿಸಿತು. ಬರಬರುತ್ತ ಜನ ಅವನೊಡನೆ ಮಾತು ಬಿಟ್ಟರು. ಚದುರಂಗಕ್ಕೆ ಕೂತರೆ ಎದುರಿನವರು ಬೇಕೆಂದೇ ಸೋತು ಎದ್ದು ಹೋಗುತ್ತಿದ್ದರು. ಅಷ್ಟು ದೊಡ್ಡ ಅರಮನೆಯಲ್ಲಿ ಅವನಿಗೆ ಕೇಳಿಸುತ್ತಿದ್ದುದು ತನ್ನ ಮಾತೊಂದೇ.

ಒಂದು ದಿನ ಭಟರು ಮುದುಕಿಯೊಬ್ಬಳನ್ನು ಹಿಡಿದು ತಂದರು. ಅವಳು ಅರಸನನ್ನು ಎತ್ತಿ ಆಡಿಸಿದ ದಾದಿ ನಾಗಾಯಿ. ಮಾಂತ್ರಿಕನ ಕಾಡಿಗೆ ಕಾಲಿಟ್ಟವರಿಗೆ ಗಡೀಪಾರು ಎಂದು ಅರಸನೇ ಕಾನೂನು ಮಾಡಿದ್ದ. ಅವಳು ಅಲ್ಲಿಗೆ ಸೌದೆ ತರಲು ಹೋಗಿದ್ದಳು.

"ನಾನು ಮಾಡುತ್ತಿರುವುದು ಸರಿಯೇ, ನಾಗಾಯಿ?" ಎಂದು ಅರಸ ಮೆಲ್ಲಗೆ ಕೇಳಿದ.

"ಅದನ್ನು ಹೇಳಬೇಕಾದವರ ದನಿ ನಿನ್ನ ಹತ್ತಿರವೇ ಇದೆಯಲ್ಲ, ಮಗಾ," ಎಂದಳು ಅವಳು.

ಅರಸ ಅವಳನ್ನು ಗಡೀಪಾರಿಗೆ ಕಳಿಸಲಾರದೆ, ದನಿಗಳನ್ನು ಮರಳಿಸುವ ದಾರಿ ಕೇಳಲು ಒಬ್ಬನೇ ಕಾಡಿಗೆ ಹೊರಟ. ಕಾಡಿನ ಅಂಚಿನಲ್ಲಿ ಕಲ್ಲಿನ ಹುಲಿ ಅಡ್ಡಗಟ್ಟಿ ಕಿರೀಟ ಕೇಳಿತು. ಕೊಟ್ಟ. ಹೊಳೆಯಲ್ಲಿ ಎರಡು ತಲೆಯ ಹಾವು ಖಡ್ಗ ಕೇಳಿತು. ಅದನ್ನೂ ಕೊಟ್ಟ. ಗುಹೆಯಲ್ಲಿ ಧೂಮಾಕ್ಷ ನಕ್ಕ.

"ಮಂತ್ರ ಒಡೆಯಲು ಒಂದೇ ದಾರಿ. 'ನನ್ನ ಮೇಲಿನ ತೀರ್ಪು ಏನೇ ಇರಲಿ, ಒಪ್ಪುತ್ತೇನೆ' ಎಂದು ಅರಸನೇ ಹೇಳಬೇಕು. ಯಾವ ಅರಸನಿಂದಲೂ ಆಗಿಲ್ಲ."

"ಒಪ್ಪುತ್ತೇನೆ," ಎಂದ ಮಕರಧ್ವಜ.

ಅವನ ಗಂಟಲಿನಿಂದ ದನಿಗಳು ಹಕ್ಕಿಗಳಂತೆ ಹಾರಿಹೋದವು. ಧೂಮಾಕ್ಷ ಹೊಗೆಯಾಗಿ ಕರಗಿದ.

ಸಭೆ ಆ ಕಾನೂನನ್ನು ತೆಗೆದುಹಾಕಿತು, ನಾಗಾಯಿ ಮನೆಗೆ ಹೋದಳು. ಅರಸ ನ್ಯಾಯಪೀಠದ ಮುಂದೆ ಬರಿದಲೆಯಲ್ಲಿ ನಿಂತ.

"ನೀನು ಮಾಡಿದ್ದು ತಪ್ಪು," ಎಂದಳು ಚೆಲುವಾಂಬೆ. ಒಂದು ವರ್ಷ ಸಿಂಹಾಸನ ಬಿಟ್ಟು ಗಡಿಯಲ್ಲಿ ಕಾವಲು ಕಾಯಬೇಕೆಂದು ತೀರ್ಪಿತ್ತಳು. ಎಷ್ಟೋ ಕಾಲದ ಮೇಲೆ ಇನ್ನೊಬ್ಬರ ದನಿ ತನ್ನನ್ನು ಮಾತಾಡಿಸಿದ್ದಕ್ಕೆ ಅವನ ಕಣ್ಣು ತುಂಬಿತು.

ಗಡಿಯಲ್ಲಿ ಮೊದಲ ದಿನವೇ, ಅವನು ಮಾಡಿದ ಅನ್ನ ಅರೆಬೆಂದಿದೆ ಎಂದು ಜೊತೆಯ ಕಾವಲುಗಾರರು ಅವನನ್ನು ಬೈದರು. ಅವನು ಅವರೊಡನೆ ನಗುತ್ತ ಉಂಡ. ವರ್ಷ ತುಂಬಿ ಅವನು ಸಿಂಹಾಸನಕ್ಕೆ ಮರಳಿದ ಮೇಲೆ ನೀಲವಾಹಿನಿಯಲ್ಲಿ ಅರಸನೂ ಜನರೂ ಒಬ್ಬರಿಗೊಬ್ಬರು ಎದುರು ಮಾತಾಡುತ್ತಲೇ ಸುಖವಾಗಿ ಬಾಳಿದರು.