ಒಡೆದ ಕಲ್ಲಿನ ಹೊಸ ಮುಖ

ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ನಾಲ್ಕನೇ ತರಗತಿಯಲ್ಲಿ ಒಂದು ಕಲ್ಲು ಒಡೆಯಿತು. ಒಡೆದವಳು ತರಗತಿಯ ಟೀಚರ್.

ಕಲ್ಲು ಒಡೆಯುವುದು ಅವಳ ಪಾಠದ ಕ್ರಮ. ಬಿಸಿಲು, ಮಳೆ, ಧೂಳು ಮೆತ್ತಿದ ಹೊರಮೈ ನೋಡಿ ಕಲ್ಲು ಯಾವುದೆಂದು ಹೇಳಬಾರದು. ಒಡೆದಾಗ ಕಾಣುವ ಹೊಸ ಮುಖ ನೋಡಬೇಕು. ಹಾಗಾಗಿ ‘ಶಿಲೆಗಳು ಮತ್ತು ನೈಸರ್ಗಿಕ ಸಂಪನ್ಮೂಲಗಳು’ ಪಾಠ ಬಂದಾಗ ಪ್ರತಿ ಮಗುವೂ ಒಂದೊಂದು ಕಲ್ಲು ತರಬೇಕಿತ್ತು. ಮಕ್ಕಳು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಟೀಚರ್ ಕನ್ನಡಕ ಹಾಕಿಕೊಂಡು, ಕಲ್ಲನ್ನು ದಪ್ಪ ಗೋಣಿಚೀಲದಲ್ಲಿ ಸುತ್ತಿ, ಸುತ್ತಿಗೆಯಿಂದ ಏಟು ಹಾಕುತ್ತಿದ್ದಳು.

ಅಷ್ಟು ಹೊತ್ತಿಗೆ ಅವಳ ಭುಜ ಸೋತಿತ್ತು. ಬೆಳಿಗ್ಗೆ ಬೇಗ ಎದ್ದು ಅಮ್ಮನ ಮಂಡಿಗೆ ಶಾಖ ಕೊಟ್ಟು, ಎರಡು ಬಸ್ಸು ಹಿಡಿದು ಬಂದವಳು. ಸಂಜೆ ಮನೆಗೆ ಹೋದರೆ ಟ್ಯೂಷನ್ ಮಕ್ಕಳು ಕಾಯುತ್ತಿರುತ್ತಾರೆ.

“ಟೀಚರ್, ನಂದು ನೋಡಿ, ಲಟ್ಟಣಿಗೆ ಥರ ಇದೆ. ಇದ್ರೊಳಗೆ ಏನಿರುತ್ತೆ?”

ಕೇಳಿದವಳು, ಇಡೀ ತರಗತಿ ‘ಚಿನಕುರುಳಿ’ ಎಂದು ಕರೆಯುವ ಹುಡುಗಿ.

“ಒಡೆದ್ರೆ ತಾನೇ ಗೊತ್ತಾಗೋದು?”

ಅಷ್ಟು ನುಣುಪಾದ, ಗರಗಸದಲ್ಲಿ ಕೊಯ್ದಂಥ ಕಲ್ಲು ಬೀದಿಯಲ್ಲಿ ಸಿಗುವುದಿಲ್ಲ. ಬೇರೆ ದಿನವಾಗಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು. ದಣಿದ ಕಣ್ಣಿಗೆ ಗುಂಡಗಿದ್ದದ್ದೆಲ್ಲ ಹೊಳೆಯ ಕಲ್ಲು.

ಅವಳು ಸುತ್ತಿಗೆ ಎತ್ತಿದಳು. ಬಾಗಿಲಲ್ಲಿ ಯಾರೋ ಓಡಿ ಬಂದು ನಿಂತ ಸದ್ದಾಯಿತು.

“ಮೇಡಂ... ಒಡೀಬೇಡಿ.”

ಏಟು ಬಿದ್ದಾಗಿತ್ತು.

ಮೂವತ್ತೆಂಟರ ಆಸುಪಾಸಿನ ಗಂಡಸು. ಬೂಟಿನ ತುಂಬಾ ಬೂದುಬಣ್ಣದ ಕೆಸರು. ಅವನು ಕುಕ್ಕರಗಾಲಲ್ಲಿ ಕುಳಿತು ಗೋಣಿಚೀಲ ಬಿಡಿಸಿದ. ಕಲ್ಲು ಎರಡು ಹೋಳಾಗಿತ್ತು.

“ಮಾವ, ನೀನು ಮನೇಲಿರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ,” ಎಂದಳು ಚಿನಕುರುಳಿ. ಆಮೇಲೆ ಟೀಚರ್ ಕಡೆ ತಿರುಗಿ, “ನಮ್ಮ ಸೋದರಮಾವ. ಭೂಮಿಗೆ ತೂತು ಹಾಕೋದೇ ಇವರ ಕೆಲಸ,” ಎಂದು ಪರಿಚಯಿಸಿದಳು.

ಮಕ್ಕಳೆಲ್ಲ ನಕ್ಕರು. ಅವನು ನಗಲಿಲ್ಲ.

“ಊರಿಗೆ ನೀರು ಹುಡುಕ್ತಿದ್ದೀವಿ ಮೇಡಂ. ಕೊರೆದಾಗ ನೂರಿಪ್ಪತ್ತು ಅಡಿ ಕೆಳಗಿಂದ ಬಂದ ಕಲ್ಲು ಇದು. ಪರೀಕ್ಷೆಗೆ ಕಳಿಸ್ಬೇಕು ಅಂತ ಅಕ್ಕನ ಮನೇಲಿ ಇಟ್ಟಿದ್ದೆ.”

ಟೀಚರ್ ಸುತ್ತಿಗೆ ಕೆಳಗಿಟ್ಟಳು. “ನನಗೆ ಗೊತ್ತಿರ್ಲಿಲ್ಲ ಸರ್. ತಪ್ಪಾಯ್ತು.”

ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಒಂದು ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಮುಖ ಬಿಳಿಚಿಕೊಂಡಿತ್ತು.

“ಒಂದೇ ಏಟಿಗಾ?”

“...ಹೌದು.”

ಅವನು ಎರಡೂ ಹೋಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟುಹೋದ. ‘ಒಂದೇ ಏಟಿಗಾ’ ಅಂದನಲ್ಲ... ಅದು ಅಣಕವೋ, ಸಿಟ್ಟೋ? ಮನೆಗೆ ಹೋಗುವ ಬಸ್ಸಿನಲ್ಲೂ ಆ ಮಾತೇ ಅವಳ ಕಿವಿಯಲ್ಲಿ ಉಳಿಯಿತು.

ಮಾರನೆಯ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಕರೆಸಿದರು.

“ಕ್ಲಾಸಲ್ಲಿ ಸುತ್ತಿಗೆ ಹಿಡೀತೀರಂತೆ?”

“ಮಕ್ಕಳನ್ನ ದೂರ ನಿಲ್ಲಿಸಿರ್ತೀನಿ ಮೇಡಂ.”

“ಆ ಹುಡುಗಿ ಮನೆಯಿಂದ ದೂರು ಬಂದಿದೆ. ಬೆಲೆಬಾಳೋ ವಸ್ತು ಹಾಳಾಗಿದೆಯಂತೆ.” ಅವರು ಸ್ವರ ತಗ್ಗಿಸಿದರು. “ನಿಮ್ಮ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತೆ. ದೂರು ಇರೋವಾಗ ಮುಂದಿನ ವರ್ಷಕ್ಕೆ ನಿಮ್ಮ ಹೆಸರು ನಾನು ಹೇಗೆ ಕಳಿಸ್ಲಿ? ನೀವೇ ಹೇಳಿ.”

ಅವಳು ಈಗಾಗಲೇ ಮೂರು ಶಾಲೆ ಬದಲಾಯಿಸಿದವಳು. ಮೂವತ್ನಾಲ್ಕಕ್ಕೆ ಮತ್ತೆ ಹೊಸ ಊರು, ಹೊಸ ಮಕ್ಕಳ ಹೆಸರು... ಅಮ್ಮನ ಮಂಡಿ ಇನ್ನೊಂದು ಮನೆಯ ಮೆಟ್ಟಿಲು ಹತ್ತುತ್ತದೆಯೇ? ಅಳು ಬರಲಿಲ್ಲ. ಅಳುವುದಕ್ಕೂ ಪುರುಸೊತ್ತು ಬೇಕು. ಮೊದಲ ಗಂಟೆ ಹೊಡೆದಿತ್ತು.

ಎದುರಿಗೆ ಒಂದು ಮಾತು ಬೈಯದೆ, ಹಿಂದಿನಿಂದ ಹೋಗಿ ದೂರು ಕೊಟ್ಟನಲ್ಲ. ಅದು ಮಾತ್ರ ಚುಚ್ಚಿತು.

ಶುಕ್ರವಾರ ಊಟದ ಬಿಡುವಿನಲ್ಲಿ ಅವನೇ ಬಂದ. ಕೈಯಲ್ಲಿ ಮರದ ಪೆಟ್ಟಿಗೆ. ಒಳಗೆ ಪುಟ್ಟ ಪುಟ್ಟ ಮನೆ ಮಾಡಿ, ಬಗೆಬಗೆಯ ಕಲ್ಲಿನ ತುಂಡು ಜೋಡಿಸಿದ್ದ. ಕೆಂಪು, ಬೂದು, ಮಿನುಗುವ ಚಕ್ಕೆಯದು, ಪದರಪದರದ್ದು.

“ಇವೆಲ್ಲ ಮಿಕ್ಕಿದ ತುಂಡು ಮೇಡಂ. ಒಡೆದ್ರೂ ಯಾರೂ ಕೇಳಲ್ಲ. ಮಕ್ಕಳಿಗೆ ಬೇಕಾಗುತ್ತೆ ಅಂತ...”

ಅವನು ಇನ್ನೊಂದು ಮಾತು ಹೇಳಲು ಬಂದಿದ್ದ. ಎರಡು ದಿನದಿಂದ ಮನಸ್ಸಿನಲ್ಲಿ ಅದನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದ. ಅವಳು ಅದಕ್ಕೆ ಎಡೆ ಕೊಡಲಿಲ್ಲ.

“ಮಗುವನ್ನ ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇನಾ ಸರ್?”

“ಅಂದ್ರೆ?”

“ದೂರು ಕೊಟ್ಟಾಯ್ತು. ಇನ್ನೆರಡು ವಾರಕ್ಕೆ ನನ್ನ ಕೆಲಸ ಹೋಗುತ್ತೆ. ಈ ಕಲ್ಲು ಇಟ್ಕೊಂಡು ನಾನು ಯಾರಿಗೆ ಪಾಠ ಮಾಡ್ಲಿ?”

“ದೂರಾ?” ಅವನ ಹುಬ್ಬು ಗಂಟಿಕ್ಕಿತು. ಓಣಿಯಂಥ ಪಡಸಾಲೆಯ ತುದಿಯಲ್ಲಿ ಚಿನಕುರುಳಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳನ್ನು ನೋಡುತ್ತ ನಿಂತವನಿಗೆ ವಿಷಯ ತಿಳಿಯಿತು. ಕೊನೆಗೆ, “ಹೌದು... ನಮ್ಮನೆಯಿಂದ್ಲೇ ಹೋಗಿದೆ. ತಪ್ಪಾಯ್ತು,” ಎಂದ.

ಒಪ್ಪಿಕೊಂಡನಲ್ಲ! ಇನ್ನು ಕೇಳುವುದೇನಿದೆ?

“ಪೆಟ್ಟಿಗೆ ತಗೊಂಡು ಹೋಗಿ.”

ಅವನು ತೆಗೆದುಕೊಂಡು ಹೋದ. ಗೇಟು ದಾಟುವಾಗ ಅವನ ಹೆಗಲು ಒಂದು ಕಡೆ ವಾಲಿತ್ತು. ಪೆಟ್ಟಿಗೆ ಅಷ್ಟು ಭಾರವಿತ್ತೆಂದು ಅವಳಿಗೆ ಆಗ ಗೊತ್ತಾಯಿತು. ನೋಡಬಾರದೆಂದುಕೊಂಡರೂ ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

ಸೋಮವಾರ ಶಾಲೆ ಬಿಟ್ಟಾಗ ಚಿನಕುರುಳಿಯ ಅಮ್ಮ ಗೇಟಿನಲ್ಲಿ ನಿಂತಿದ್ದಳು. ಮಗಳ ಬಾಯಿ ಎಲ್ಲಿಂದ ಬಂದದ್ದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ನೀವೇನಾ ಕಲ್ಲು ಒಡೆಯೋ ಟೀಚರು? ನೋಡೋಕೆ ಕಡ್ಡಿ ಮುರಿಯೋಕೂ ಆಗಲ್ಲ ಅನ್ನೋ ಹಾಗಿದ್ದೀರ.”

“ಹೇಳಿ.”

“ದೂರು ಕೊಟ್ಟಿದ್ದು ನಾನು. ಅವನಲ್ಲ. ಈಗ ತಾನೇ ನಿಮ್ಮ ದೊಡ್ಡ ಮೇಡಂಗೆ ‘ನಂದೇ ತಪ್ಪು’ ಅಂತ ಹೇಳಿ ಬಂದೆ.”

“ಯಾಕೆ ಕೊಟ್ರಿ?”

“ಮತ್ತಿನ್ನೇನು? ಆವತ್ತು ಆ ಹೋಳು ಮುಂದಿಟ್ಕೊಂಡು ಊಟ ಬಿಟ್ಟು ಕೂತಿದ್ದ. ತಮ್ಮನ ಕೆಲಸಕ್ಕೆ ಕುತ್ತು ಬಂತು ಅಂತ ನನ್ನ ಹೊಟ್ಟೆ ಉರೀತು. ಬಾಯಿಬಿಟ್ಟು ಹೇಳಿದ್ರೆ ತಾನೇ ಗೊತ್ತಾಗೋದು? ಕಲ್ಲಿನ ಜೊತೆ ಇದ್ದೂ ಇದ್ದೂ ಅವನೂ ಒಂದು ಕಲ್ಲು.”

“ಆದ್ರೆ ಅವರು ಒಪ್ಕೊಂಡ್ರು. ನನ್ನೆದುರಿಗೇ.”

“ಒಪ್ಕೊಳ್ದೆ? ಪರರ ಮುಂದೆ ಅಕ್ಕನ್ನ ಬಿಟ್ಟುಕೊಡ್ತಾನಾ? ಮನೆಗೆ ಬಂದು ಮಾತ್ರ ಚೆನ್ನಾಗಿ ರೇಗಿದ. ಹುಟ್ಟಿದಾಗಿನಿಂದ ನನ್ನ ಮೇಲೆ ರೇಗಿದವನಲ್ಲ.” ಅವಳು ಟೀಚರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಊರಾಚೆ ಕೊರೆಯೋ ಜಾಗದಲ್ಲಿ ಇರ್ತಾನೆ. ನಾನೇನೂ ಹೋಗಿ ಅಂತ ಹೇಳ್ತಿಲ್ಲ.”

ಟೀಚರ್ ಗೇಟಿನಿಂದ ಒಳಗೆ ಮರಳಿದಾಗ ಮುಖ್ಯೋಪಾಧ್ಯಾಯಿನಿ ಕೋಣೆಯ ಬಾಗಿಲಿಗೆ ಬಂದು ಎರಡೇ ಮಾತು ಹೇಳಿದರು. “ನಿಮ್ಮ ಹೆಸರು ನಾಳೆ ಕಳಿಸ್ತೀನಿ. ಸುತ್ತಿಗೆ ಕೆಲಸ ಇನ್ಮೇಲೆ ಅಂಗಳದಲ್ಲಿ.”

ಕೆಲಸ ಉಳಿದಿತ್ತು. ಸಂತೋಷವಾಗಬೇಕಿತ್ತು. ಅವಳ ಕಣ್ಣ ಮುಂದೆ ಆ ವಾಲಿದ ಹೆಗಲು ಮಾತ್ರ ಬರುತ್ತಿತ್ತು. ಟ್ಯೂಷನ್ ಮಕ್ಕಳ ಮನೆಗಳಿಗೆ ಫೋನ್ ಮಾಡಿ ಇವತ್ತು ರಜೆ ಎಂದಳು.

ಊರಾಚೆಯ ಬಯಲಿನಲ್ಲಿ ಕೊರೆಯುವ ಯಂತ್ರ ನಿಂತಿತ್ತು. ಕೆಲಸದವರು ಹೋಗಿಯಾಗಿತ್ತು. ಟಾರ್ಪಾಲಿನ ಕೆಳಗೆ ಅವನೊಬ್ಬನೇ ಕುಳಿತು, ಆರಿದ ಟೀ ಕುಡಿಯುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ.

“ನಿಮ್ಮ ಅಕ್ಕ ಬಂದಿದ್ರು,” ಎಂದಳು.

“ಅಯ್ಯೋ... ಏನಂದ್ಲು?”

“ನೀವು ಕಲ್ಲು ಅಂದ್ರು.”

“ಅದು ದಿನಾ ಅನ್ನೋ ಮಾತು.”

ಅವಳು ಮಗುಚಿಟ್ಟ ಡಬ್ಬಿಯೊಂದರ ಮೇಲೆ ಕುಳಿತಳು. ಕಾಲು ನೋಯುತ್ತಿತ್ತು. “ಶುಕ್ರವಾರ ನಾನು ಅಂದಿದ್ದಕ್ಕೆ ಕ್ಷಮೆ ಕೇಳೋಕೆ ಬಂದೆ. ಕಲ್ಲು ಒಡೆದಿದ್ದಕ್ಕೂ.”

“ಒಡೆದಿದ್ದಕ್ಕೆ ಕೇಳ್ಬೇಡಿ.” ಅವನು ಕರವಸ್ತ್ರ ಬಿಡಿಸಿ ಒಂದು ಹೋಳು ಅವಳ ಕೈಗೆ ಕೊಟ್ಟ. “ಈ ಮುಖ ನೋಡಿ.”

ಒಡೆದ ಮುಖದ ತುಂಬಾ ತುಕ್ಕಿನಂಥ ಕಂದುಬಣ್ಣ ಹರಡಿತ್ತು. ಪ್ರತಿವರ್ಷ ನಾಲ್ಕನೇ ತರಗತಿಗೆ ಅವಳು ಹೇಳುವ ಮಾತು ತಾನಾಗಿ ಬಾಯಿಗೆ ಬಂತು. “ನೀರು ಓಡಾಡಿದ ಗುರುತು?”

“ಹೂಂ. ಹೊರಗಿಂದ ಒಂದು ಸಣ್ಣ ಗೆರೆ ಅಷ್ಟೇ ಕಾಣ್ತಿತ್ತು. ಬಿರುಕು ಮುಚ್ಚಿಹೋಗಿದೆ, ನೀರಿಗೆ ದಾರಿ ಇಲ್ಲ ಅಂತ ತೀರ್ಮಾನ ಮಾಡಿದ್ದೆ. ಮಾರನೇ ದಿನ ಯಂತ್ರ ಬಿಚ್ಚಿ ಕಳಿಸೋರಿದ್ವಿ. ನೀವು ಹೊಡೆದ್ರಿ, ಒಂದೇ ಏಟಿಗೆ ಆ ಗೆರೆ ಹಿಡಿದೇ ಬಿರೀತು. ಗಟ್ಟಿ ಕಲ್ಲು ಹಾಗೆ ಬಿರಿಯಲ್ಲ.”

“ಹಾಗಾದ್ರೆ ಆವತ್ತು ನಿಮಗೆ ಬಂದಿದ್ದು ಸಿಟ್ಟಲ್ವಾ?”

“ಭಯ. ಊರಿಗೆ ನೀರಿಲ್ಲ ಅಂತ ಹೇಳಿ ಹೋಗ್ಬಿಡ್ತಿದ್ದೆನಲ್ಲ ಅಂತ. ನಾಳೆ ಇನ್ನೂ ಕೆಳಗೆ ಕೊರೀತೀವಿ. ಸಿಗುತ್ತೋ ಇಲ್ವೋ ಗೊತ್ತಿಲ್ಲ. ನೋಡೋದಂತೂ ನೋಡ್ತೀವಿ.”

ಅವಳು ಕಲ್ಲನ್ನು ವಾಪಸ್ ಕೊಟ್ಟಳು. ಅವನು ತೆಗೆದುಕೊಳ್ಳುವುದಕ್ಕೆ ಸ್ವಲ್ಪ ತಡಮಾಡಿದ.

“ಪೆಟ್ಟಿಗೆ ತಂದ ದಿನ ಏನೋ ಹೇಳೋದಿತ್ತು ನಿಮಗೆ. ಅಲ್ವಾ?”

“ಇತ್ತು.”

“ಈಗ ಹೇಳಿ.”

“ಕಲ್ಲು ನೆಪ. ನಿಮ್ಮನ್ನ ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತು. ಕನ್ನಡಕ ಹಾಕ್ಕೊಂಡು, ಗೋಣಿಚೀಲದ ಮುಂದೆ ನಿಂತಿದ್ರಲ್ಲ... ಆ ಮುಖ ಮನಸ್ಸಿಂದ ಹೋಗ್ಲಿಲ್ಲ.”

ಅವಳು ಬಗ್ಗಿ ಚಪ್ಪಲಿಗೆ ಮೆತ್ತಿದ ಬೂದು ಕೆಸರನ್ನು ಕಡ್ಡಿಯಿಂದ ಕೆರೆದಳು. ಯಾರಾದರೂ ಹೀಗೆ ಹೇಳಿ ಎಷ್ಟು ಕಾಲವಾಗಿತ್ತೋ. ಹೇಳಿದ್ದರೇ ಎಂಬುದೂ ನೆನಪಾಗಲಿಲ್ಲ.

“ನಾನು ತುಂಬಾ ದಣಿದಿದ್ದೀನಿ ಸರ್. ಶಾಲೆ, ಟ್ಯೂಷನ್, ಅಮ್ಮ. ಪ್ರೀತಿ ಮಾಡೋಕೂ ತ್ರಾಣ ಬೇಕು. ನನ್ನ ಹತ್ರ ಅಷ್ಟು ಉಳಿದಿಲ್ಲ.”

“ನನ್ನ ಹತ್ರಾನೂ ಅಷ್ಟೇನಿಲ್ಲ. ಇಬ್ಬರದ್ದೂ ಸೇರಿಸಿದ್ರೆ ಒಂದು ಮನೆಗೆ ಸಾಕಾಗ್ಬಹುದು.”

ಅವಳು ತಲೆ ಎತ್ತಿದಳು. “ಇದು ಮದುವೆ ಮಾತಾ?”

“ವರದಿ ಬರೆದು ಬರೆದು ಅಭ್ಯಾಸ. ಪೀಠಿಕೆ ಬಿಟ್ಟು ಕೊನೇ ಸಾಲಿಗೆ ಹೋಗ್ಬಿಟ್ಟೆ.”

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಒಂದು ವಾರದಿಂದ ಬಾರದ ಅಳು ಈಗ ಬಂದಿತ್ತು. ಅವನು ಗಾಬರಿಯಾಗಿ ಆರಿದ ಟೀಯನ್ನೇ ಮುಂದೆ ಹಿಡಿದ. ಅವಳು ತೆಗೆದುಕೊಂಡು ಕುಡಿದಳು.

“ಅಮ್ಮನ್ನ ಕೇಳ್ಬೇಕು,” ಎಂದಳು.

“ನಾನೇ ಬಂದು ಕೇಳ್ತೀನಿ.”

“ಜೋರಾಗಿ ಕೇಳಿ. ಅವರಿಗೆ ಕಿವಿ ಸ್ವಲ್ಪ ಮಂದ.”

“ಯಾವತ್ತು ಬರ್ಲಿ?”

“ಇವತ್ತೇ ಬನ್ನಿ. ನಾಳೆ ಅಂದ್ರೆ ನನಗೆ ಧೈರ್ಯ ಇರುತ್ತೋ ಇಲ್ವೋ.”

ಆರೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎರಡನೇ ನಿಲ್ದಾಣ ಬರುವಷ್ಟರಲ್ಲಿ ಅವಳು ಅವನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಎಲ್ಲಿ ಇಳಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಎಬ್ಬಿಸಲು ಮನಸ್ಸಾಗಲಿಲ್ಲ. ಇಬ್ಬರೂ ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ಹಿಂತಿರುಗಿದರು.