ಗಾಳದ ಕೋಲಿನ ತುದಿಯ ಉಂಗುರ

ಖುದ್ದೂಸ್ ಬಟ್ಟೆಯ ಗಂಟು ಬಿಚ್ಚಿ ಮೂರು ಉಂಗುರಗಳನ್ನು ಬಷೀರಾಳ ಮುಂದೆ ಸಾಲಾಗಿ ಇಟ್ಟ. ಒಂದು ಕಬ್ಬಿಣದ್ದು, ಒಂದು ಹಿತ್ತಾಳೆಯದು. ಮೂರನೆಯದರ ಒಳಗೆ ಪಿಂಗಾಣಿಯ ಬಿಳಿ ಅಂಚು ಕೂರಿಸಿತ್ತು.

"ಇದೇನು, ಕೋಳಿ ಕಾಲಿಗಾ?" ಎಂದಳು ಬಷೀರಾ, ರೇಷ್ಮೆ ಗೂಡು ಬೇಯುತ್ತಿದ್ದ ಬಾಂಡಲಿಯಿಂದ ಕಣ್ಣೆತ್ತದೆ.

"ಗಣಿ ದೊರೆಯ ಗಾಳದ ಕೋಲಿಗೆ ಕಣೇ. ದಾರ ಇದರೊಳಗೆ ಓಡ್ಬೇಕು. ಕಾವೇರೀಲಿ ಕುರಿಯಷ್ಟು ದೊಡ್ಡ ಮೀನು ಹಿಡಿಯೋ ಕೋಲು."

"ಹಾಗಾದ್ರೆ ಆ ಮೀನೇ ದೊರೇನ ಹಿಡಿಯುತ್ತೆ ಬಿಡಿ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಅದನ್ನು ನೋಡಲೆಂದೇ ಅವಳು ಒಂದು ವರ್ಷದಿಂದ ತಮಾಷೆ ಮಾಡುತ್ತಿದ್ದಳು.

ಮುಳಬಾಗಿಲಿನ ಆ ಬೀದಿಯಲ್ಲಿ ಖುದ್ದೂಸ್ ಬಿದಿರಿನಲ್ಲಿ ಊರುಗೋಲು, ಛತ್ರಿಯ ಹಿಡಿ ಮಾಡುತ್ತಿದ್ದ. ೧೯೪೨ರ ಆ ದಿನಗಳಲ್ಲಿ ಯುದ್ಧದಿಂದಾಗಿ ಇಂಗ್ಲೆಂಡಿನ ಸಾಮಾನು ಬರುತ್ತಿರಲಿಲ್ಲ. ಚಿನ್ನದ ಗಣಿಯ ದೊರೆಯೊಬ್ಬ ಅವನ ಕೈಕೆಲಸ ನೋಡಿ ಗಟ್ಟಿಯಾದ ಗಾಳದ ಕೋಲು ಮಾಡಿಕೊಡಲು ಹೇಳಿದ್ದ. ಕೋಲು ಮೆಚ್ಚಿಗೆಯಾದರೆ ಬೊಂಬಾಯಿಯಲ್ಲಿ ಸೈನ್ಯದ ಡೇರೆ ಕೋಲು ಮಾಡುವ ತನ್ನ ತಮ್ಮನ ಕಾರ್ಖಾನೆಗೆ ಖುದ್ದೂಸನನ್ನು ಕಳಿಸುತ್ತಾನಂತೆ.

"ಬಿದಿರು ನಂಗೆ ಗೊತ್ತು. ಉಂಗುರ ಗೊತ್ತಿಲ್ಲ. ದಿನವಿಡೀ ರೇಷ್ಮೆ ಎಳೆ ಚರಕದ ಉಂಗುರದೊಳಗೆ ಓಡಿಸೋಳು ನೀನು. ನೀನೇ ಆರಿಸು."

ಬಷೀರಾ ರೇಷ್ಮೆ ಎಳೆ ಒದ್ದೆ ಮಾಡಿ ಕಬ್ಬಿಣದ ಉಂಗುರದೊಳಗೆ ನೂರು ಸಲ ಎಳೆದು ತುಟಿಗೆ ಮುಟ್ಟಿಸಿ ನೋಡಿದಳು. ಕೈಗೆ ತಿಳಿಯದ ನವಿರು ತುಟಿಗೆ ತಿಳಿಯುತ್ತದೆ. ಕಬ್ಬಿಣ ಎಳೆಯನ್ನು ತರಚಿತ್ತು. ಪಿಂಗಾಣಿಯಲ್ಲಿ ಎಳೆದದ್ದು ನೀರಿನಂತೆ ನುಣ್ಣಗಿತ್ತು. ಹಿತ್ತಾಳೆಯೊಳಗೆ ಓಡಿದ ಎಳೆ ಇಪ್ಪತ್ತು ಎಳೆತಕ್ಕೇ ಕಪ್ಪಗಾಯಿತು.

ಆ ಎಳೆಯನ್ನು ಅವಳು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಬಿಸಿನೀರಿನಲ್ಲಿ ಅವಳ ಬೆರಳಿಗೆ ಬೊಬ್ಬೆ ಬಂದದ್ದು ಕಂಡು, ಗೂಡು ಎತ್ತಲು ಬಿದಿರಿನ ಕಡ್ಡಿ ಕೆತ್ತಿ, ಮಾತಿಲ್ಲದೆ ಹೊಸಿಲ ಮೇಲಿಟ್ಟು ಹೋಗಿದ್ದವನು ಇವನು. ಬೊಂಬಾಯಿಗೆ ಹೋದವನು ತಿರುಗಿ ಬರುತ್ತಾನೆಯೇ?

"ಹಿತ್ತಾಳೇನೇ ಸಾಕು," ಎಂದಳು.

ಖುದ್ದೂಸ್ ಅವಳ ಮುಖವನ್ನೇ ನೋಡಿದ. "ನೀನು ಹೇಳಿದ್ಮೇಲೆ ಇನ್ನೇನು," ಎಂದು ಉಂಗುರಗಳನ್ನು ಗಂಟು ಕಟ್ಟಿಕೊಂಡು ಹೋದ.

ಎಂಟನೆಯ ದಿನ ಅವಳ ತಾಯಿ ಖುರ್ಷೀದ್ ಬೇಗಂ ಪೇಟೆಯ ಸುದ್ದಿ ತಂದಳು. "ನಾಳೆ ದೇವರಾಯಸಮುದ್ರದ ಕೆರೇಲಿ ಪರೀಕ್ಷೆಯಂತೆ. ಗಾಳದ ದಾರಕ್ಕೆ ಕಲ್ಲಿನ ಚೀಲ ಕಟ್ಟಿ ನೀರಲ್ಲಿ ಎಳೀತಾರಂತೆ. ಕೋಲು ಕೈಕೊಟ್ರೆ ಪಾಪ, ಹುಡುಗನ ಮಾನ ಊರ ಮುಂದೆ ಹೋಗುತ್ತೆ."

ಬಷೀರಾ ಚರಕ ನಿಲ್ಲಿಸಿದಳು. ಅವನು ಉಳಿಯಬೇಕೆಂದು ಬಯಸಿದ್ದಳು. ತಲೆತಗ್ಗಿಸಿ ಉಳಿಯಬೇಕೆಂದಲ್ಲ.

ಮುಸುಕು ಎಳೆದುಕೊಂಡು ನಡುಹಗಲಲ್ಲೇ ಅವನ ಅಂಗಡಿಗೆ ಹೋದಳು. ಅವನು ಎದ್ದು ನೆರಳಿದ್ದ ಕಡೆ ಸ್ಟೂಲು ಸರಿಸಿ ಕೊಟ್ಟ. ಅವಳು ಕೂರಲಿಲ್ಲ.

"ನಾನು ಸುಳ್ಳು ಹೇಳ್ದೆ. ಹಿತ್ತಾಳೆ ದಾರ ತಿನ್ನುತ್ತೆ."

"ಗೊತ್ತು."

"ಯಾವಾಗಿಂದ?"

"ಅವತ್ತಿಂದಾನೇ. ನೀನು ಉಳಿದೆರಡು ಎಳೇನ ತುಟಿಗಿಟ್ಟೆ. ಅದೊಂದನ್ನ ಇಡ್ಲಿಲ್ಲ."

ಆಗ ಅವಳು ಕೋಲನ್ನು ನೋಡಿದಳು. ಬುಡದಿಂದ ತುದಿಯ ಕಡೆಗೆ, ಅಂತರ ಕಡಿಮೆಯಾಗುತ್ತಾ, ಏಳು ಉಂಗುರಗಳು. ಏಳೂ ಪಿಂಗಾಣಿಯವು. ಎಳೆತಕ್ಕೆ ವಾಲದಿರಲೆಂದು ಒಂದೊಂದಕ್ಕೂ ಎರಡು ಕಾಲು.

"ಸಿಟ್ಟು ಬರ್ಲಿಲ್ವಾ?"

"ಬಂತು. ಒಂದು ದಿನ ಇತ್ತು. ಯಾಕೆ ಹಾಗಂದ್ಲು ಅಂತ ಯೋಚಿಸ್ದೆ ನೋಡು, ಸಿಟ್ಟೂ ಹೋಯ್ತು, ಊಟಾನೂ ಹೋಯ್ತು." ಎಡಗಣ್ಣು ಮುಚ್ಚುವಷ್ಟು ನಗು ಈ ಸಲ ಬರಲಿಲ್ಲ. "ನಿನ್ನ ಮನಸ್ಸಲ್ಲಿರೋದನ್ನ ಒಂದು ವರ್ಷದಿಂದ ನಿನ್ನ ಬಾಯಿಂದ ಕೇಳ್ಬೇಕು ಅಂತಿದ್ದೆ. ಕೊನೇಗೆ ನೀನದನ್ನ ಹಿತ್ತಾಳೆ ಹೆಸರಲ್ಲಿ ಹೇಳ್ದೆ."

ಬಷೀರಾ ಮುಖ ತಿರುಗಿಸಿದಳು. ಕಿವಿ ಬಿಸಿಯಾಗಿತ್ತು.

"ತುದಿ ಉಂಗುರ ಕಟ್ಟಿಲ್ಲ. ಭಾರ ಎಲ್ಲಾ ಅಲ್ಲೇ ಬೀಳೋದು." ಅವನು ಅಂಗೈ ಚಾಚಿದ. ಹಿತ್ತಾಳೆಯದೊಂದು, ಪಿಂಗಾಣಿಯದೊಂದು. "ನೀನು ಹಿತ್ತಾಳೆ ಅಂದ್ರೆ ಹಿತ್ತಾಳೆ. ದಾರ ಹರಿಯುತ್ತೆ, ದೊರೆ ಬೈದು ಹೋಗ್ತಾನೆ. ನಾನಿಲ್ಲೇ ಛತ್ರಿ ಹಿಡಿ ಮಾಡ್ಕೊಂಡಿರ್ತೀನಿ. ನಿನ್ನನ್ನ ಯಾವತ್ತೂ ದೂರಲ್ಲ."

"ನಿಮಗೆ ಯಾವುದು ಬೇಕು?"

ಅವನು ಬಹಳ ಹೊತ್ತು ಕೋಲನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. "ಎರಡೂ ಬೇಕು," ಎಂದ.

ಅವಳು ಪಿಂಗಾಣಿಯದನ್ನು ಎತ್ತಿಕೊಂಡಳು. "ರೇಷ್ಮೆ ದಾರ ಕೊಡಿ. ತುದಿ ಹಿಡ್ಕೊಳ್ಳಿ. ಅಲ್ಲಾಡಿಸ್ಬೇಡಿ."

ಒಂದು ಸುತ್ತಿನ ಪಕ್ಕಕ್ಕೇ ಇನ್ನೊಂದು ಸುತ್ತು ಒತ್ತಿ ಕಟ್ಟುತ್ತಾ ಹೋದಳು. ಕಣ್ಣಿಂದ ಒಂದು ಹನಿ ದಾರದ ಮೇಲೆ ಬಿತ್ತು.

"ದಾರ ಒದ್ದೆಯಾಗುತ್ತೆ ಕಣೇ," ಎಂದ ಅವನು ಮೆಲ್ಲಗೆ.

"ಒದ್ದೆ ದಾರ ಬಿಗಿಯಾಗಿ ಕೂರುತ್ತೆ. ನಿಮಗದೂ ಗೊತ್ತಿಲ್ವಾ?"

"ಬೊಂಬಾಯೀಲಿ ಒಂದೇ ಕೋಣೇಲಿ ನಾಲ್ಕು ಜನ ಗಂಡಸರು ಇರ್ಬೇಕಂತೆ. ನಿನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಎರಡು ವರ್ಷ. ನಮ್ಮ ನಿಕಾಹ್ ಬಗ್ಗೆ ನಿಮ್ಮ ಅಮ್ಮೀನ ಇವತ್ತೇ ಕೇಳ್ಲಾ?"

ಬಷೀರಾ ಕೊನೆಯ ಗಂಟನ್ನು ಒಳಗೆ ಸೇರಿಸಿ ಎಳೆದಳು.

"ಬಂದ್ಮೇಲೆ ಕೇಳಿ. ಈಗ ಕೇಳಿದ್ರೆ ಅಲ್ಲಿ ಕಷ್ಟ ಬಂದಾಗೆಲ್ಲ ಈ ಮಾತು ನಿಮ್ಮನ್ನ ಎಳೆಯುತ್ತೆ. ನಾನು ಇಲ್ಲೇ ಇರ್ತೀನಿ. ನಾನಿರೋದಕ್ಕೆ ಯಾರ ಮಾತೂ ಬೇಡ."

ಮರುದಿನ ಕೆರೆಯಲ್ಲಿ ದಾರ ಹರಿಯಲಿಲ್ಲ. ಕೋಲು ಬಿಲ್ಲಿನಂತೆ ಬಾಗಿ ಕಲ್ಲಿನ ಚೀಲವನ್ನು ದಡಕ್ಕೆ ತಂದಿತೆಂದು ಊರೆಲ್ಲ ಹೇಳಿತು.

ಶುಕ್ರವಾರ ಅವನು ಬೊಂಬಾಯಿಗೆ ಹೊರಟು ಕೋಲಾರದ ಬಸ್ಸು ಹತ್ತಿದ. ಪೆಟ್ರೋಲು ಸಿಗದ ಕಾಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಹಿಂದಿನ ದಿನದ ಮಳೆಗೆ ಇದ್ದಿಲು ತೊಯ್ದು ಎಂಜಿನ್ನು ಹತ್ತಲೇ ಇಲ್ಲ. ಡ್ರೈವರ್ ಒಲೆಗೆ ಗಾಳಿ ಹಾಕಿ ಹಾಕಿ ಸುಸ್ತಾದ. ಒಳಗಿದ್ದವರು ಗೊಣಗಿದರು. ಮಾವಿನ ಬುಟ್ಟಿಯ ಮುದುಕಿಯೊಬ್ಬಳು ಇಳಿದು ನಡೆದೇ ಹೋಗುತ್ತೇನೆಂದಳು.

ಬಷೀರಾ ತಾಯಿಯ ಪಕ್ಕದಲ್ಲಿ ಹುಣಸೆಮರದ ಕೆಳಗೆ ನಿಂತಿದ್ದಳು. ಅಷ್ಟು ಜನರ ಎದುರಿಗೆ ಮಾತಾಡುವ ಹಾಗಿರಲಿಲ್ಲ. ಖುದ್ದೂಸ್ ಕಿಟಕಿಯಲ್ಲಿದ್ದ. ಅರ್ಧ ಗಂಟೆ ಒಬ್ಬರನ್ನೊಬ್ಬರು ನೋಡಿದರು. ವರ್ಷವಿಡೀ ಕದ್ದು ನೋಡಿದ್ದೆಲ್ಲ ಸೇರಿಸಿದರೂ ಇಷ್ಟಾಗುತ್ತಿರಲಿಲ್ಲ.

ಇನ್ನೂ ಸ್ವಲ್ಪ ಹೊತ್ತು ಹತ್ತದಿರಲಿ, ಯಾ ಅಲ್ಲಾ, ಎಂದು ಅವಳು ಬೇಡಿಕೊಂಡಳು.

ಎಂಜಿನ್ನು ಹತ್ತಿತು.