ತಂತಿಗೆ ಚುಚ್ಚಿದ ಪ್ರವಾಸ

"ಬೀರ್ ಫ್ಯಾಕ್ಟರಿ ನೋಡಾಕೆ ಪರ್ಮಿಷನ್ ಕೇಳಿ ಒಂದು ಲೆಟರ್ ಆಗಬೇಕಿತ್ತು. ಇಂಗ್ಲಿಷಿನಾಗೆ."

ರುದ್ರಾಣಿ ಟೈಪ್‌ರೈಟರಿನಿಂದ ತಲೆ ಎತ್ತಿದಳು. ಎದುರಿಗೆ ನಿಂತವನದು ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯ ಮೇಲೆ ಇನ್ನೂ ಮಾಸದ ಬೆಳಗಿನ ವಿಭೂತಿ. ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ಅವಳು ಟೈಪಿಂಗ್ ಅಂಗಡಿ ತೆರೆದು ಎಂಟು ವರ್ಷವಾಗಿತ್ತು. ವಿಭೂತಿ ಹಚ್ಚಿಕೊಂಡು ಬಂದು ಬೀರಿನ ಮಾತೆತ್ತಿದ ಗಿರಾಕಿಯನ್ನು ಅವಳು ನೋಡಿದ್ದು ಅದೇ ಮೊದಲು.

"ನೋಡಾಕೋ, ಕುಡಿಯಾಕೋ?"

ಅವನ ಕಿವಿ ಕೆಂಪಾದವು. "ಲೆಟರಿನಾಗೆ ನೋಡಾಕೆ ಅಂತಲೇ ಇರಲಿ. ನಾನು ಕುಡಿಯಲ್ಲ ರೀ. ನಮ್ಮ ಮಂಡಿ ಹುಡುಗರಿಗೆ ಆಸೆ."

"ಎಲ್ಲಾರೂ ಹಂಗೇ ಅಂತಾರೆ," ಅಂದು ಅವಳು ಪಕ್ಕದ ಇಂಗ್ಲಿಷ್ ಮೆಷೀನಿಗೆ ಹಾಳೆ ಏರಿಸಿದಳು.

ಅವನು ಕಲ್ಲೇಶಪ್ಪ, ನ್ಯಾಮತಿಯವನು. ಇಲ್ಲಿಯ ಅಡಿಕೆ ಮಂಡಿಯಲ್ಲಿ ದರ್ಜೆ ನೋಡುವ ಕೆಲಸ. ನಾಲ್ಕು ಅಡಿಕೆ ಅಂಗೈಯಲ್ಲಿ ಉರುಳಿಸಿ ಯಾವ ತೋಟದ್ದು, ಎಷ್ಟು ದಿನ ಒಣಗಿದ್ದು ಎಂದು ಹೇಳಿಬಿಡುತ್ತಿದ್ದ. ಹೆಣ್ಣುಮಕ್ಕಳ ಎದುರು ಮಾತ್ರ ಅರ್ಧ ಮಾತು ಬಾಯಲ್ಲಿ, ಅರ್ಧ ಹೊಟ್ಟೆಯಲ್ಲಿ. ಅದು ೧೯೮೪ನೇ ಇಸವಿ. ಅಡಿಕೆ ಸುಗ್ಗಿ ಮುಗಿದಿತ್ತು. ಮಂಡಿಯ ಗೆಳೆಯರು ನಲವತ್ತು ಜನ ಸೇರಿ ಬೆಂಗಳೂರಿಗೆ ಹೋಗಿ ಬೀರು ಹೇಗೆ ಮಾಡುತ್ತಾರೆಂದು ನೋಡಿ ಬರಬೇಕು ಎಂದು ತೀರ್ಮಾನಿಸಿದ್ದರು. ಹೊನ್ನಾಳಿಯ ಜಂಪಣ್ಣ ತನ್ನ ಬಸ್ಸು ಕೊಡುತ್ತೇನೆ ಅಂದಿದ್ದ. ಮದುವೆ ದಿಬ್ಬಣಕ್ಕೆ ಓಡುವ ಬಸ್ಸು ಅದು. ಒಳಗೆ ಟೇಪ್ ರೆಕಾರ್ಡರ್, ಚಾವಣಿಗೆ ಬಣ್ಣದ ಸೀರಿಯಲ್ ಲೈಟು. ಓದು ಬರಹ ಚೆನ್ನಾಗಿ ಬಲ್ಲವನೆಂದು ಏರ್ಪಾಡೆಲ್ಲ ಕಲ್ಲೇಶಪ್ಪನ ತಲೆಗೆ ಬಿದ್ದಿತ್ತು.

ಫ್ಯಾಕ್ಟರಿಯಿಂದ ಹದಿನೈದು ದಿನಕ್ಕೆ ಉತ್ತರ ಬಂತು. ನಲವತ್ತು ಜನ ಬರಬಹುದು, ಏಪ್ರಿಲ್ ಎರಡನೇ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಪ್ರವಾಸದ ಪಟ್ಟಿ ಟೈಪ್ ಮಾಡಿಸಲು ಬಂದ. ಗುರುವಾರ ರಾತ್ರಿ ಹೊರಡುವುದು, ಶನಿವಾರ ಫ್ಯಾಕ್ಟರಿ, ಭಾನುವಾರ ವಾಪಸ್ಸು. ನಾಲ್ಕು ದಿನ ಬಿಟ್ಟು ಮತ್ತೆ ಬಂದ, ಒಂದು ಸಣ್ಣ ಬದಲಾವಣೆ ಇದೆ ಅಂತ. ಆಮೇಲೆ ಇನ್ನೊಮ್ಮೆ. ಮತ್ತೂ ಒಮ್ಮೆ. ಅವನ ಸೈಕಲ್ ಬೆಲ್ಲು ಕೇಳಿದರೆ ಪಕ್ಕದ ಹೋಟೆಲಿನವರು ಕೇಳದೆಯೇ ಎರಡು ಟೀ ಕಳಿಸುವಷ್ಟರ ಮಟ್ಟಿಗೆ ಆಯಿತು.

ಮುಚ್ಚಿಡುವುದೇಕೆ, ರುದ್ರಾಣಿಗೆ ಅವನು ಬರುವುದು ಹಿಡಿಸುತ್ತಿತ್ತು. ಅವನು ಬೆಂಚಿನ ತುದಿಯಲ್ಲಿ ಕೂತು ಅವಳ ಬೆರಳುಗಳನ್ನು ನೋಡುವನು. ಅವಳು ತಲೆ ಎತ್ತಿದರೆ ಗೋಡೆಯ ಕ್ಯಾಲೆಂಡರ್ ನೋಡುವನು. ಅದರಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಚಿತ್ರವಿತ್ತು. ಆ ಚಿತ್ರವನ್ನು ಅಷ್ಟು ಭಕ್ತಿಯಿಂದ ನೋಡಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

"ಕ್ಯಾಲೆಂಡರಿನಾಗೆ ಹಬ್ಬ ಹುಡುಕ್ತಾ ಇದೀರೇನು?" ಎಂದು ಕೇಳುವಳು.

"ಹೂಂ... ಅಲ್ಲ, ಹಂಗೇ," ಅನ್ನುವನು. ಅವಳಿಗೆ ನಗು ತಡೆಯಲು ಕೀಲಿಗಳನ್ನು ಜೋರಾಗಿ ಕುಟ್ಟಬೇಕಾಗುತ್ತಿತ್ತು.

ಆದರೆ ನಗುವಿಗೂ ಒಂದು ಗಡುವಿತ್ತು. ಅವಳಿಗೆ ಇಪ್ಪತ್ತೇಳು. ಜಗಳೂರಿನಲ್ಲಿದ್ದ ಸೋದರಮಾವ ಮಲ್ಲೇಶಪ್ಪ ಅಲ್ಲಿಯ ಬಟ್ಟೆ ಅಂಗಡಿಯವರ ಸಂಬಂಧ ನೋಡಿದ್ದ. ಒಳ್ಳೆಯ ಮನೆತನ, ಬೇಡ ಅನ್ನಲು ಕಾರಣವಿಲ್ಲ. ಏಪ್ರಿಲ್ ಮೊದಲ ಸೋಮವಾರದ ಟಪಾಲಿಗೆ ಹೂಂ ಅಥವಾ ಉಹೂಂ ಬರೆದು ಹಾಕಬೇಕು ಎಂದು ಕಾಗದ ಬರೆದಿದ್ದ. ಅಪ್ಪನಿಲ್ಲದ ಮನೆ, ತಾಯಿ ಸರ್ವಮಂಗಳಮ್ಮ ನಿರ್ಧಾರವನ್ನು ಮಗಳಿಗೇ ಬಿಟ್ಟಿದ್ದರು. ಉಹೂಂ ಅನ್ನಬೇಕಾದರೆ ಯಾರಾದರೂ ಒಬ್ಬರು ಬಾಯಿ ಬಿಟ್ಟು ಏನಾದರೂ ಹೇಳಬೇಕಲ್ಲ?

ಗಡುವಿನ ಹಿಂದಿನ ಶನಿವಾರ ಕಲ್ಲೇಶಪ್ಪ ಪಟ್ಟಿಗಾಗಿ ಐದನೇ ಸಲ ಬಂದ. "ಒಂದು ಸಣ್ಣ ಬದಲಾವಣೆ..."

ರುದ್ರಾಣಿಗೆ ರೇಗಿತು. "ಅಲ್ರೀ, ನಿಮಗೆ ಒಂದು ಮಾತು ಅನ್ನೋದೇ ಇಲ್ಲೇನು? ರಾತ್ರಿ ಅಂದ್ರಿ, ಬೆಳಿಗ್ಗೆ ಅಂದ್ರಿ. ಹೋಟೆಲ್ ಅಂದ್ರಿ, ಅಡಿಗೆಯೋರು ಅಂದ್ರಿ. ಒಂದು ಕಾಲು ಹೊಳೆಯಾಗೆ ಒಂದು ಕಾಲು ದಡದಾಗೆ ಇಡೋ ಮನುಷ್ಯನ್ನ ಯಾರು ನಂಬಬೇಕು?"

"ಇದೇ ಕೊನೇದು ರೀ."

"ನನಗೂ ಇದೇ ಕೊನೇದು. ಸೋಮವಾರ ಜಗಳೂರಿನ ಸಂಬಂಧಕ್ಕೆ ಉತ್ತರ ಬರೀಬೇಕು. ಹೂಂ ಅಂದ್ರೆ ಈ ಅಂಗಡಿ ಮುಚ್ಚಿದಂಗೆ. ಆಮೇಲೆ ನಿಮ್ಮ ಬದಲಾವಣೆನೆಲ್ಲ ಬ್ಯಾರೆ ಕಡೆ ಮಾಡಿಸ್ಕೊಳ್ರಿ."

ಎತ್ತಿದ ಟೀ ಲೋಟ ಅವನ ಕೈಯಲ್ಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದ. ಬಂದದ್ದು ಮಾತ್ರ, "ಜಗಳೂರು ಒಳ್ಳೆ ಊರು." ಅಷ್ಟು ಹೇಳಿ ಎದ್ದು ಹೋದ. ಅವನು ತಂದಿದ್ದ ಚೀಟಿ ಬೆಂಚಿನ ಮೇಲೆಯೇ ಉಳಿಯಿತು. ರುದ್ರಾಣಿ ಅದನ್ನು ಟೈಪ್ ಮಾಡಿದಳು, ಕೈಗೆ ಬಂದ ಕೆಲಸ ಬಿಡಬಾರದು ಅಂತ. ಕಣ್ಣು ತುಂಬಿದ್ದರಿಂದ ಏನು ಹೊಡೆದೆನೆಂದು ಓದಲಿಲ್ಲ.

ಅವಳ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಏನೇ ಟೈಪ್ ಮಾಡಿದರೂ ಅಸಲು ಗಿರಾಕಿಗೆ, ಕಾರ್ಬನ್ ನಕಲು ಗೋಡೆಯ ಕೊಕ್ಕೆ ತಂತಿಗೆ. ತಿಂಗಳು ಮುಗಿದ ಮೇಲೆ ಮನೆಗೊಯ್ದು ಒಬ್ಬೊಬ್ಬ ಗಿರಾಕಿಯದನ್ನು ಬೇರೆ ಬೇರೆ ಜೋಡಿಸಿ ಕಟ್ಟಿಡುವಳು. ಭಾನುವಾರ ಬೆಳಿಗ್ಗೆ ಆ ಕೆಲಸಕ್ಕೆ ಕೂತಳು. ಪಕ್ಕದಲ್ಲಿ ಸರ್ವಮಂಗಳಮ್ಮ ಕಾಲು ಚಾಚಿಕೊಂಡು ಮೆಂತೆ ಸೊಪ್ಪು ಬಿಡಿಸುತ್ತಿದ್ದರು.

"ನೋಡವ್ವ, ಒಬ್ಬ ಮನುಷ್ಯ ಒಂದು ಪ್ರವಾಸನ ಎಷ್ಟು ಸಲ ತಿದ್ದಬಹುದು ಅಂತ," ಎಂದು ರುದ್ರಾಣಿ ಓದಿದಳು. "ಮೊದಲು ರಾತ್ರಿ ಹೊರಡೋದಿತ್ತು. ಆಮೇಲೆ, ಬೆಳಿಗ್ಗೆ ಆರಕ್ಕೆ ಹೊರಡೋದು, ದಾರಿ ನೋಡಿಕೊಂಡು ಹೋಗಲು ಅನುಕೂಲ."

ಓದುತ್ತಿದ್ದವಳ ಬೆರಳು ಆ ಸಾಲಿನ ಮೇಲೆ ನಿಂತಿತು. ದಾರಿ ಕಾಣದಿದ್ದರೆ ತನಗೆ ತಲೆ ಸುತ್ತುತ್ತದೆ, ರಾತ್ರಿ ಬಸ್ಸು ಆಗಿಬರುವುದಿಲ್ಲ ಎಂದು ಮೊದಲ ಪಟ್ಟಿ ಹೊಡೆಯುವಾಗ ತಾನೇ ಅಂದಿದ್ದಳು.

ಮೂರನೇ ಹಾಳೆ: ಕುಟುಂಬ ಸಮೇತ ಬರುವುದು, ಸೀಟು ನಲವತ್ತೇ, ಉಳಿದ ಗಂಡಸರು ಮುಂದಿನ ಸಲ. ನಲವತ್ತು ಗಂಡಸರ ಬಸ್ಸಿಗೆ ಯಾವ ಹೆಣ್ಣು ಹತ್ತುತ್ತಾಳೆ ಎಂದು ಅವಳು ತಮಾಷೆ ಮಾಡಿದ್ದಳು.

ನಾಲ್ಕನೆಯದು: ಹೋಟೆಲ್ ಊಟ ರದ್ದು, ಅಡಿಗೆಯವರು ಜೊತೆಗೆ, ಮಂಡಿ ನೋವಿನ ಹಿರಿಯರಿಗೆ ಮುಂದಿನ ಸೀಟು.

"ಹೋಟೆಲ್ ಅನ್ನ ನಾನಲ್ಲೇನೇ ಮುಟ್ಟದೋಳು?" ಸರ್ವಮಂಗಳಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಈ ಮಂಡಿ ನೋವೂ ನಂದೇ ಇದ್ದಂಗೈತೆ. ನನ್ನ ಮಂಡಿ ಸುದ್ದಿ ಆ ಅಡಿಕೆ ಮಂಡಿಗೆ ಹೆಂಗೆ ಹೋತು?"

ಹೇಳಿದ್ದು ರುದ್ರಾಣಿಯೇ, ಟೀ ಕುಡಿಯುವಾಗ. ಐದನೇ ಹಾಳೆ ಕೈಯಲ್ಲಿತ್ತು. ಶನಿವಾರ ಮಧ್ಯಾಹ್ನ: ಹೆಂಗಸರಿಗೆ ಲಾಲ್‌ಬಾಗ್, ಗಾಜಿನ ಮನೆ, ಗಂಡಸರಿಗೆ ಫ್ಯಾಕ್ಟರಿ. ಆ ಗಾಜಿನ ಮನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಕ್ಯಾಲೆಂಡರ್ ತೋರಿಸಿ ಹೇಳಿದ್ದು ಯಾವತ್ತೋ. ಅವಳೇ ಮರೆತಿದ್ದಳು.

ಮನಸ್ಸು ನಿಲ್ಲದ ಮನುಷ್ಯ ಅಂದಿದ್ದಳಲ್ಲ! ಅವನ ಮನಸ್ಸು ಎರಡು ತಿಂಗಳಿಂದ ಒಂದೇ ಕಡೆ ನಿಂತಿತ್ತು. ಅವಳಾಡಿದ ಮಾತನ್ನು ಒಂದೂ ಬಿಡದೆ ಹೆಕ್ಕಿಕೊಂಡು ಹೋಗಿ, ಟೈಪ್ ಮಾಡಲು ಅವಳಿಗೇ ತಂದುಕೊಟ್ಟಿದ್ದ. ತನ್ನ ಕೈಯಾರೆ ಹೊಡೆದೂ ಅವಳು ಅದನ್ನು ಓದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಅದರ ಹಿಂದೆಯೇ ಭಯವೂ ಆಯಿತು. ನಾಳೆ ಅವನು ಬರದಿದ್ದರೆ?

"ಹುಡುಗ ಹೆಂಗವ್ನೆ?" ಸರ್ವಮಂಗಳಮ್ಮ ಕೇಳಿದರು.

"ಬಾಯಿಲ್ಲ ಕಣವ್ವ."

"ನಿಂಗೆ ಇಬ್ಬರಿಗಾಗೋಷ್ಟು ಐತೆ ಬಿಡು," ಅಂದು ಅವರು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಸೋಮವಾರ ಮೂರು ಗಂಟೆಯಾದರೂ ಸೈಕಲ್ ಬೆಲ್ಲು ಕೇಳಲಿಲ್ಲ. ಜಗಳೂರಿನ ಕಡೆ ಟಪಾಲು ನಾಲ್ಕಕ್ಕೆ ಹೊರಡುತ್ತದೆ. ರುದ್ರಾಣಿ ಒಂದು ಖಾಲಿ ಹಾಳೆ ಏರಿಸಿಕೊಂಡು ಕೂತಿದ್ದಳು. ಮೂರೂಕಾಲಿಗೆ ಅವನು ಬಂದ. ಬೆಲ್ಲು ಬಾರಿಸದೆ ಬಂದಿದ್ದ.

"ಬಸ್ಸಿನ ಪರ್ಮಿಟ್ಟಿಗೆ ಹೆಸರಿನ ಪಟ್ಟಿ ಆಗಬೇಕಂತೆ. ಜಂಪಣ್ಣ ಇವತ್ತೇ ಬೇಕು ಅಂದ," ಎಂದು ನೆಲಕ್ಕೆ ಹೇಳಿದ.

"ಹೇಳ್ರಿ, ಹೊಡೀತೀನಿ."

ಅವನು ಚೀಟಿ ನೋಡಿ ಹೇಳುತ್ತ ಹೋದ. ಜಂಪಣ್ಣ, ಜಂಪಣ್ಣನ ಹೆಂಡತಿ ನಿರ್ಮಲಮ್ಮ, ಮಂಡಿಯವರು, ಅವರ ಅತ್ತೆಯರು, ಅತ್ತಿಗೆಯರು. ಮೂವತ್ತೆಂಟಕ್ಕೆ ಅವನ ಹೆಸರು ಬಂತು. ಆಮೇಲೆ ಚೀಟಿ ಮಡಚಿದ.

"ಮೂವತ್ತೊಂಬತ್ತು, ಸರ್ವಮಂಗಳಮ್ಮ. ಮುಂದಿನ ಸೀಟು, ಕಿಟಕಿ ಪಕ್ಕ."

"ನಮ್ಮವ್ವನ್ನ ಕೇಳಿದ್ರಾ?"

"ಇಲ್ಲ. ಸೀಟು ಇಟ್ಟಿದೀನಿ ಅಷ್ಟೇ."

"ನಲವತ್ತು?"

ಅವನು ಕ್ಯಾಲೆಂಡರ್ ನೋಡಿದ. "ನಲವತ್ತು... ನೀವೇ ಹಾಕ್ಕೊಳ್ರಿ."

"ಆಗಲ್ಲ. ಗಿರಾಕಿ ಹೇಳಿದ್ದನ್ನ ಹೊಡೆಯೋಳು ನಾನು. ಹೇಳದೆ ಇರೋದನ್ನ ಎರಡು ತಿಂಗಳು ಹೊಡೆದಿದೀನಿ. ಅಷ್ಟು ಸಾಕು."

ಅವನು ತಿರುಗಿ ಅವಳನ್ನೇ ನೋಡಿದ. ಈ ಸಲ ಕಣ್ಣು ಗೋಡೆಗೆ ಹೋಗಲಿಲ್ಲ. ಅವಳ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿದ್ದವು.

"ರುದ್ರಾಣಿ," ಅಂದ. ಹಿಂದೆ ಮುಂದೆ ಏನೂ ಸೇರಿಸದೆ ಅವಳ ಹೆಸರು ಹೇಳಿದ್ದು ಅದೇ ಮೊದಲು. "ಬಸ್ಸಿನ ಮಟ್ಟಿಗಲ್ಲ. ಹೋಗಿ ಬಂದಮೇಲೂ. ನನಗೆ ನೀವು ಬೇಕು. ನಾನು ಬಾಯಿ ಬಿಟ್ಟು ಕೇಳಿ, ನೀವು ಒಲ್ಲೆ ಅಂದಿದ್ರೆ ಮತ್ತೆ ಇಲ್ಲಿಗೆ ಬರಾಕೆ ನೆಪ ಇರ್ತಿರಲಿಲ್ಲ. ಅದಕ್ಕೇ ಪಟ್ಟಿ ತಿದ್ದುತ್ತಾ ಕೂತೆ. ಶನಿವಾರದಿಂದ ನಿದ್ದೆ ಇಲ್ಲ ರೀ."

"ನನಗೂ ಇಲ್ಲ," ಅಂದಳು ರುದ್ರಾಣಿ. ನಲವತ್ತರ ಮುಂದೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೊಡೆದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆದ್ರೆ ಪ್ರವಾಸದಾಗೆ ಒಂದು ಸಣ್ಣ ಬದಲಾವಣೆ ಐತೆ," ಅಂದಳು.

ಕಲ್ಲೇಶಪ್ಪನ ಮುಖ ಸಣ್ಣದಾಯಿತು. "ಏನ್ರೀ?"

"ಗಂಡಸರಿಗೆ ಫ್ಯಾಕ್ಟರಿ, ಹೆಂಗಸರಿಗೆ ಲಾಲ್‌ಬಾಗ್ ಅಂತ ಹಾಕಿದೀರಲ್ಲ, ಅದನ್ನ ತೆಗೀರಿ. ಬೆಳಿಗ್ಗೆ ಎಲ್ಲಾರೂ ಗಾಜಿನ ಮನೆ ನೋಡೋಣ. ಮೂರಕ್ಕೆ ನಾನೂ ಫ್ಯಾಕ್ಟರಿಗೆ ಬರ್ತೀನಿ. ಇಷ್ಟು ಸಲ ಅದರ ಹೆಸರು ಹೊಡೆದಿದೀನಿ, ಬಾಟ್ಲಿಗೆ ಹೆಂಗೆ ತುಂಬ್ತಾರೆ ಅಂತ ನೋಡದೆ ಬಿಡ್ತೀನಾ?"

"ಊರೋರು ಏನಂತಾರೋ."

"ವಿಭೂತಿ ಹಚ್ಕೊಂಡು ಲೆಟರ್ ಬರೆಸಾಕೆ ಬಂದಾಗ ಊರೋರು ನೆನಪಾಗಲಿಲ್ಲೇನು?"

ಅವನು ನಕ್ಕ. ಅಷ್ಟು ದೊಡ್ಡ ನಗು ಅವನೊಳಗೆ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಮೂರೂ ನಲವತ್ತಾಗಿತ್ತು. ಅವಳು ಪಟ್ಟಿ ತೆಗೆದು ಆ ಖಾಲಿ ಹಾಳೆಯನ್ನು ಮತ್ತೆ ಏರಿಸಿದಳು. ಜಗಳೂರಿನ ಮಾವನಿಗೆ ಮೂರೇ ಸಾಲು: ಆ ಸಂಬಂಧ ಬೇಡ. ಇಲ್ಲಿ ನನ್ನ ಮನಸ್ಸಿಗೆ ಬಂದವರೊಬ್ಬರಿದ್ದಾರೆ. ಅವ್ವನಿಗೂ ಗೊತ್ತು. ಎಂಟು ವರ್ಷದಲ್ಲಿ ಅವಳು ತನಗಾಗಿ ಹೊಡೆದ ಮೊದಲ ಕಾಗದ ಅದು. ಕಾರ್ಬನ್ ಇಡಲಿಲ್ಲ, ಅಕ್ಷರ ತಿದ್ದಲಿಲ್ಲ.

ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅವನ ಕೈ ಮುಂದೆ ಬಂತು. "ಕೊಡ್ರಿ. ಇದನ್ನ ನಾನೇ ಹಾಕಿ ಬರ್ತೀನಿ."

ಕೊಟ್ಟಳು. ಅವನು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ನಡುವೆ, ಜನರನ್ನು ಸರಿಸಿಕೊಂಡು, ಪೋಸ್ಟಾಫೀಸಿನ ಕಡೆ ಓಡಿದ. ಸೈಕಲ್ಲು ಇಲ್ಲೇ ಅಂಗಡಿ ಮುಂದೆ ನಿಂತಿತ್ತು. ಅದರ ನೆನಪೇ ಅವನಿಗಾಗಿರಲಿಲ್ಲ.

ಆ ಸೈಕಲ್ಲು ನೋಡಿ ಹೋಟೆಲಿನಿಂದ ಎರಡು ಟೀ ಬಂದವು. ರುದ್ರಾಣಿ ಒಂದರ ಮೇಲೆ ತಟ್ಟೆ ಮುಚ್ಚಿಟ್ಟು, ನಲವತ್ತನೇ ಹೆಸರನ್ನು ಇನ್ನೊಮ್ಮೆ ಓದಿಕೊಂಡು, ಅವನು ತಿರುಗಿ ಬರುವುದನ್ನೇ ಕಾಯುತ್ತ ಕೂತಳು.